ಎರಡು ಬಡಿತಗಳ ನಡುವಿನ ಬಿಡುವು

ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟ ವೈದ್ಯನಿಗೆ ಅಲ್ಲಿ ಏನು ಸಿಗಬೇಕು ಎನ್ನುವುದನ್ನು ಶಾರ್ಙ್ಗಧರ ಸಂಹಿತೆ ಪ್ರಾಣಿಪಕ್ಷಿಗಳ ಮೂಲಕ ಹೇಳುತ್ತದೆ. ವಾತ ಕೆರಳಿದರೆ ನಾಡಿ ಹಾವಿನ ಹಾಗೆ, ಜಿಗಣೆಯ ಹಾಗೆ ಹರಿಯುತ್ತದೆ. ಪಿತ್ತವಾದರೆ ಕಾಗೆ, ಕಪ್ಪೆಗಳ ಕುಪ್ಪಳಿಕೆ. ಕಫವಾದರೆ ಹಂಸದ ನಡೆ. ರೋಮನ್ ಸಾಮ್ರಾಜ್ಯದ ದೊಡ್ಡ ವೈದ್ಯ ಗ್ಯಾಲೆನ್ ಕೂಡ ಇದೇ ಬಗೆಯಲ್ಲಿ ಇರುವೆ ಹರಿದಂಥ ನಾಡಿ, ಜಿಂಕೆ ನೆಗೆದಂಥ ನಾಡಿ ಎಂದು ವಿಂಗಡಿಸಿದ. ಎರಡೂ ಕಡೆ ಬೆರಳು ಬಲು ಚುರುಕು. ಆದರೆ ನಿಮಿಷಕ್ಕೆ ಎಷ್ಟು ಬಡಿತ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ನಿಮಿಷ ಅಳೆಯುವ ಸಾಧನವೇ ಕೈಯಲ್ಲಿ ಇಲ್ಲದಿದ್ದಾಗ ಆ ಪ್ರಶ್ನೆ ಏಳುವುದಾದರೂ ಹೇಗೆ? ಚೀನಾದ ವೈದ್ಯರು ತಮ್ಮ ಉಸಿರನ್ನೇ ಅಳತೆಗೋಲು ಮಾಡಿಕೊಂಡರು: ತಾನು ಒಮ್ಮೆ ಉಸಿರೆಳೆದು ಬಿಡುವಷ್ಟರಲ್ಲಿ ರೋಗಿಯ ನಾಡಿ ನಾಲ್ಕೈದು ಸಲ ಬಡಿದರೆ ಸರಿ. ಉಪಾಯವೇನೋ ಚೆನ್ನಾಗಿದೆ, ವೈದ್ಯನಿಗೇ ದಮ್ಮು ಇದ್ದರೆ ಕಷ್ಟ.

ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಹೆರೊಫಿಲಸ್ ನೀರಿನ ಗಡಿಯಾರ ಇಟ್ಟುಕೊಂಡು ನಾಡಿ ನೋಡುತ್ತಿದ್ದನೆಂದು ಆಮೇಲಿನವರು ಬರೆದಿಟ್ಟಿದ್ದಾರೆ. ಅಲ್ಲಿಂದ ಮುಂದೆ ಬಹಳ ಕಾಲ ಈ ದಾರಿಯಲ್ಲಿ ಹೇಳಿಕೊಳ್ಳುವಂಥದ್ದು ನಡೆಯಲಿಲ್ಲ. 17ನೇ ಶತಮಾನದ ಆರಂಭದಲ್ಲಿ ಇಟಲಿಯ ಸ್ಯಾಂಟೋರಿಯೊ ಸ್ಯಾಂಟೋರಿಯೊ ಎಂಬ ವೈದ್ಯ ಒಂದು ದಾರದ ತುದಿಗೆ ಗುಂಡು ಕಟ್ಟಿ ತೂಗಿಬಿಟ್ಟ. ಲೋಲಕದ ತೂಗಾಟದ ಅವಧಿ ಅದರ ಉದ್ದವನ್ನು ಅವಲಂಬಿಸಿರುತ್ತದೆ ಎನ್ನುವುದು ಆಗ ಗೆಲಿಲಿಯೊನ ಬಳಗದಲ್ಲಿ ಚರ್ಚೆಯಲ್ಲಿದ್ದ ಹೊಸ ಸಂಗತಿ. ಸ್ಯಾಂಟೋರಿಯೊ ರೋಗಿಯ ನಾಡಿಗೂ ಗುಂಡಿನ ತೂಗಾಟಕ್ಕೂ ಮೇಳವಾಗುವ ತನಕ ದಾರವನ್ನು ಉದ್ದ ಮಾಡುತ್ತಿದ್ದ, ಗಿಡ್ಡ ಮಾಡುತ್ತಿದ್ದ. ಮೇಳವಾದ ಕೂಡಲೇ ದಾರದ ಉದ್ದವನ್ನು ಬರೆದುಕೊಳ್ಳುತ್ತಿದ್ದ. ಅಂದರೆ ಅವನ ದಾಖಲೆಯಲ್ಲಿ ನಾಡಿ ಇರುತ್ತಿದ್ದುದು ಉದ್ದದ ಅಳತೆಯಲ್ಲಿ. ನಿನ್ನೆಯ ದಾರಕ್ಕಿಂತ ಇಂದಿನ ದಾರ ಗಿಡ್ಡವಾದರೆ ಜ್ವರ ಏರಿದೆ, ಉದ್ದವಾದರೆ ಇಳಿದಿದೆ. ಬೇಕಾದರೆ ಮನೆಯಲ್ಲಿ ಮಾಡಿ ನೋಡಿ: ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗುವುದನ್ನು ಒಂದು ಬಡಿತವೆಂದು ಹಿಡಿದರೆ ನಿಮಿಷಕ್ಕೆ 60ರ ನಾಡಿಗೆ ಸುಮಾರು ಒಂದು ಮೀಟರ್ ದಾರ ಬೇಕು, 72ಕ್ಕೆ ಸುಮಾರು 69 ಸೆಂಟಿಮೀಟರ್, 120ಕ್ಕೆ ಬರೀ 25 ಸೆಂಟಿಮೀಟರ್.

ಕೈಯಲ್ಲಿ ನಂಬಿಕೆಯ ಗಡಿಯಾರ ಇಲ್ಲದಿದ್ದರೂ ದೊಡ್ಡ ಕೆಲಸ ಮಾಡಬಹುದು ಎನ್ನುವುದಕ್ಕೆ ವಿಲಿಯಂ ಹಾರ್ವೆಯೇ ಸಾಕ್ಷಿ. 1628ರಲ್ಲಿ ರಕ್ತ ಸುತ್ತು ಹೊಡೆಯುತ್ತದೆ ಎಂದು ಸಾಧಿಸಲು ಅವನು ಲೆಕ್ಕ ಹಾಕಿದ್ದು ಅರ್ಧ ಗಂಟೆಗೆ ಸಾವಿರ ಬಡಿತ ಎಂದು. ನಿಮಿಷಕ್ಕೆ 33ರಷ್ಟಾಯಿತು, ಕೆಲವರಲ್ಲಿ ಎರಡು, ಮೂರು, ನಾಲ್ಕು ಸಾವಿರವೂ ಇರಬಹುದು ಎಂದು ಸೇರಿಸಿದ. ತೀರಾ ಕಡಿಮೆಯ ಅಂಕಿಯನ್ನು ಇಟ್ಟುಕೊಂಡರೂ ಅರ್ಧ ಗಂಟೆಯಲ್ಲಿ ಹೃದಯ ದಾಟಿ ಹೋಗುವ ರಕ್ತ ಇಡೀ ದೇಹದಲ್ಲಿರುವ ರಕ್ತಕ್ಕಿಂತ ಹೆಚ್ಚಾಗುತ್ತಿತ್ತು. ವಾದ ಗೆಲ್ಲಲು ಅಷ್ಟು ಸಾಕಿತ್ತು. ನಾಡಿಗೆ ನಿಮಿಷದ ಲೆಕ್ಕ ಖಾಯಂ ಆದದ್ದು ಇಂಗ್ಲೆಂಡಿನ ಲಿಚ್‌ಫೀಲ್ಡಿನ ವೈದ್ಯ ಜಾನ್ ಫ್ಲಾಯರ್‌ನಿಂದ. ಸರಿಯಾಗಿ 60 ಸೆಕೆಂಡು ಓಡುವ ಒಂದು ಗಡಿಯಾರವನ್ನು ಮಾಡಿಸಿಕೊಂಡು, ವಯಸ್ಸು, ಹವೆ, ಊಟ, ಕಾಯಿಲೆಗಳಿಗೆ ತಕ್ಕಂತೆ ನಾಡಿ ಹೇಗೆ ಬದಲಾಗುತ್ತದೆಂದು ಪಟ್ಟಿ ಮಾಡಿ 1707ರಲ್ಲಿ ಪುಸ್ತಕ ಪ್ರಕಟಿಸಿದ. ಆದರೂ ವಾರ್ಡಿನಲ್ಲಿ ಗಡಿಯಾರ ಹಿಡಿದು ನಾಡಿ ಎಣಿಸುವುದು ದಿನದ ವಾಡಿಕೆಯಾಗಲು ಇನ್ನೂ ನೂರು ವರ್ಷಕ್ಕಿಂತ ಹೆಚ್ಚು ಹಿಡಿಯಿತು.

ಈಗ ಆ ಸಂಖ್ಯೆ ಎಲ್ಲಿಂದ ಬರುತ್ತದೆ ಎಂದು ನೋಡೋಣ.

ಹೃದಯದ ಬಲ ಮೇಲ್ಭಾಗದಲ್ಲಿ, ಮಹಾಸಿರೆ ಬಂದು ಕೂಡುವ ಜಾಗದ ಹತ್ತಿರ, ಕೆಲವೇ ಮಿಲಿಮೀಟರ್ ಅಗಲದ ಒಂದು ಜೀವಕೋಶಗಳ ಗಂಟು ಇದೆ. 1907ರಲ್ಲಿ ಆರ್ಥರ್ ಕೀತ್ ಮತ್ತು ಆಗಿನ್ನೂ ವಿದ್ಯಾರ್ಥಿಯಾಗಿದ್ದ ಮಾರ್ಟಿನ್ ಫ್ಲ್ಯಾಕ್ ಇದನ್ನು ಗುರುತಿಸಿದರು. ಈ ಕೋಶಗಳು ಯಾರ ಅಪ್ಪಣೆಗೂ ಕಾಯದೆ ತಾವೇ ತಾವಾಗಿ ವಿದ್ಯುತ್ ಮಿಡಿತ ಹುಟ್ಟಿಸುತ್ತವೆ. ನರಗಳ ಹಿಡಿತವನ್ನೆಲ್ಲ ಔಷಧದಿಂದ ಬಿಡಿಸಿ ಅಳೆದರೆ ಈ ಗಂಟಿನ ಸ್ವಂತ ವೇಗ ಎಷ್ಟು? 1970ರಲ್ಲಿ ಜೋಸ್ ಮತ್ತು ಕಾಲಿಸನ್ ಅದಕ್ಕೊಂದು ಸೂತ್ರ ಕೊಟ್ಟರು: 118.1ರಿಂದ ವಯಸ್ಸಿನ 0.57 ಪಟ್ಟನ್ನು ಕಳೆಯಿರಿ. 30 ವರ್ಷದವರಿಗೆ ಇದು ಸರಿಸುಮಾರು 101. ಆದರೆ ಅದೇ ವಯಸ್ಸಿನವರು ಸುಮ್ಮನೆ ಕೂತಾಗ ನಾಡಿ 70ರ ಆಸುಪಾಸು ಇರುತ್ತದೆ. ಉಳಿದ 30 ಎಲ್ಲಿ ಹೋಯಿತು?

ಅದನ್ನು ತಡೆದು ಹಿಡಿದಿರುವುದು ಮೆದುಳಿನ ಬುಡದಿಂದ ಇಳಿದು ಬರುವ ವೇಗಸ್ ನರ. ಚಾರ್ಮಾಡಿ ಘಾಟಿ ಇಳಿಯುವ ಬಸ್ಸಿನ ಚಾಲಕ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವಂತೆ, ವಿಶ್ರಾಂತಿಯಲ್ಲಿರುವ ಹೃದಯ ಸದಾ ಅರ್ಧ ಬ್ರೇಕಿನಲ್ಲಿ ಓಡುತ್ತಿರುತ್ತದೆ. ಮೆಟ್ಟಿಲು ಹತ್ತಲು ಎದ್ದಾಗ ದೇಹ ಮೊದಲು ಮಾಡುವ ಕೆಲಸ ಬ್ರೇಕನ್ನು ಸಡಿಲಿಸುವುದು. ಅಡ್ರಿನಲಿನ್ ಆಮೇಲೆ ಬರುತ್ತದೆ. ಹೃದಯ ಕಸಿ ಮಾಡಿಸಿಕೊಂಡವರಲ್ಲಿ ಈ ನರದ ಸಂಪರ್ಕ ಕಡಿದುಹೋಗಿರುವುದರಿಂದ ಅವರ ನಾಡಿ ಕುಳಿತಲ್ಲೂ 90ರಿಂದ 110ರವರೆಗೆ ಇರುತ್ತದೆ. ಬ್ರೇಕು ಕೆಲಸ ಮಾಡುವುದು ಒಂದು ರಾಸಾಯನಿಕದ ಮೂಲಕ ಎಂದು ಆಟೊ ಲೋವಿ 1921ರಲ್ಲಿ ಎರಡು ಕಪ್ಪೆಗಳ ಹೃದಯ ಇಟ್ಟುಕೊಂಡು ತೋರಿಸಿದ. ಒಂದು ಹೃದಯದ ವೇಗಸ್ ನರವನ್ನು ಕೆರಳಿಸಿ ನಿಧಾನ ಮಾಡಿ, ಅದನ್ನು ತೋಯಿಸಿದ್ದ ದ್ರವವನ್ನು ಇನ್ನೊಂದರ ಮೇಲೆ ಸುರಿದ. ಅದೂ ನಿಧಾನವಾಯಿತು. ಆ ರಾಸಾಯನಿಕವೇ ಅಸಿಟೈಲ್‌ಕೋಲಿನ್. ಲೋವಿಗೆ 1936ರಲ್ಲಿ ನೊಬೆಲ್.

ಓಟಗಾರರ ನಾಡಿ 40ರ ಹತ್ತಿರಕ್ಕೆ ಇಳಿಯುವುದಕ್ಕೂ ಇದೇ ಬ್ರೇಕು ಬಲವಾಗಿರುವುದು ಕಾರಣ ಎಂದು ಪಠ್ಯಪುಸ್ತಕಗಳು ಬಹುಕಾಲ ಹೇಳುತ್ತ ಬಂದವು. ಅದು ಪೂರ್ತಿ ನಿಜವಲ್ಲ. ಮ್ಯಾಂಚೆಸ್ಟರಿನ ಸಂಶೋಧಕರು 2014ರಲ್ಲಿ ವ್ಯಾಯಾಮ ಮಾಡಿಸಿದ ಇಲಿಗಳನ್ನು ಪರೀಕ್ಷಿಸಿದಾಗ, ನರದ ಪ್ರಭಾವ ತೆಗೆದರೂ ನಾಡಿ ನಿಧಾನವೇ ಇತ್ತು. ಆ ಗಂಟಿನ ಕೋಶಗಳಲ್ಲಿ ಮಿಡಿತ ಹುಟ್ಟಿಸುವ ಒಂದು ಬಗೆಯ ವಿದ್ಯುತ್ ನಾಲೆಗಳೇ ಕಡಿಮೆಯಾಗಿದ್ದವು. ಎಂಜಿನ್ನೇ ಬದಲಾಗಿತ್ತು ಎನ್ನಿ. ಈ ನಾಲೆಗಳು ಮುಂದೆ ಇನ್ನೊಂದು ಕತೆಯಲ್ಲಿ ಬರುತ್ತವೆ, ನೆನಪಿಟ್ಟುಕೊಂಡಿರಿ.

ಇನ್ನು ಎಣಿಸುವ ಕೆಲಸ. ಹೆಬ್ಬೆರಳಿನ ಬುಡದ ಕಡೆ, ಮಣಿಕಟ್ಟಿನ ಎಲುಬಿನ ಮೇಲೆ, ತೋರುಬೆರಳು ಮತ್ತು ನಡುಬೆರಳನ್ನು ಮೆಲ್ಲನೆ ಒತ್ತಿ. ಹೆಬ್ಬೆರಳಿನಲ್ಲಿ ಎಣಿಸಬೇಡಿ, ಅದರೊಳಗೆ ನಿಮ್ಮದೇ ನಾಡಿ ಬಡಿಯುತ್ತಿರುತ್ತದೆ. ಎಣಿಸುವ ಮೊದಲು ಐದು ನಿಮಿಷವಾದರೂ ಮಾತಿಲ್ಲದೆ ಕೂತಿರಬೇಕು, ಕಾಫಿ ಕುಡಿದಿರಬಾರದು. ಆಸ್ಪತ್ರೆಯಲ್ಲಿ ಹೆಸರು ಕೂಗಿದ ಕೂಡಲೇ ಎದ್ದು ಬಂದವರ ಕೈ ಹಿಡಿದು ಎಣಿಸಿದ ಸಂಖ್ಯೆ ವಿಶ್ರಾಂತಿಯ ಸಂಖ್ಯೆಯಲ್ಲ. ಆದರೆ ಬಹಳಷ್ಟು ಹೊರರೋಗಿ ಚೀಟಿಗಳ ಮೇಲೆ ಇರುವುದು ಅದೇ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ಎಲ್ಲರ ಅಭ್ಯಾಸ. ಅಲ್ಲಿ ಒಂದು ಬಡಿತ ತಪ್ಪಿದರೆ ಉತ್ತರದಲ್ಲಿ ನಾಲ್ಕು ತಪ್ಪುತ್ತದೆ. 30 ಸೆಕೆಂಡು ಎಣಿಸಿದರೆ ತಪ್ಪು ಅರ್ಧಕ್ಕೆ ಇಳಿಯುತ್ತದೆ. ಬಡಿತ ಏರುಪೇರಾಗಿದ್ದರೆ ಪೂರ್ತಿ ಒಂದು ನಿಮಿಷವೇ ಬೇಕು.

ಏರುಪೇರಿನಲ್ಲೂ ಎರಡು ಜಾತಿ. ಉಸಿರೆಳೆದಾಗ ನಾಡಿ ಸ್ವಲ್ಪ ಚುರುಕಾಗಿ, ಬಿಟ್ಟಾಗ ನಿಧಾನವಾಗುವುದು ಮಕ್ಕಳಲ್ಲಿ, ಯುವಕರಲ್ಲಿ ಸಹಜ. ಉಸಿರಿನ ಜತೆ ವೇಗಸ್ ಬ್ರೇಕು ಬಿಗಿದು ಸಡಿಲವಾಗುವ ಗುರುತು ಅದು. ಆದರೆ ಬಡಿತಕ್ಕೂ ಬಡಿತಕ್ಕೂ ಯಾವ ತಾಳಮೇಳವೂ ಇಲ್ಲದೆ ಹೋದರೆ ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳು ಹಿಂಡುವುದನ್ನು ಬಿಟ್ಟು ಬರೀ ಅದುರುತ್ತಿವೆ ಎಂಬ ಅನುಮಾನ ಬರಬೇಕು. ಇಂಥವರಲ್ಲಿ ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಎಣಿಸಿದರೆ 110, ಅದೇ ಹೊತ್ತಿಗೆ ಇನ್ನೊಬ್ಬರು ಮಣಿಕಟ್ಟಿನಲ್ಲಿ ಎಣಿಸಿದರೆ 90 ಎಂದು ಬರಬಹುದು. ಎರಡೂ ಸರಿಯೇ. ತೀರಾ ಬೇಗ ಬಂದ ಬಡಿತಗಳಲ್ಲಿ ಹೃದಯಕ್ಕೆ ತುಂಬಿಕೊಳ್ಳಲು ಪುರಸೊತ್ತೇ ಸಿಕ್ಕಿರುವುದಿಲ್ಲ. ಖಾಲಿ ಚೀಲ ಹಿಂಡಿದರೆ ಸದ್ದು ಬರುತ್ತದೆ, ಮಣಿಕಟ್ಟಿನ ತನಕ ಅಲೆ ತಲುಪುವುದಿಲ್ಲ.

ಕೈಗಡಿಯಾರಗಳು ಈಗ ಹಸಿರು ಬೆಳಕಿನಿಂದ ನಾಡಿ ಎಣಿಸುತ್ತವೆ. ಹಿಮೊಗ್ಲೋಬಿನ್ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಪ್ರತಿ ಬಡಿತಕ್ಕೂ ಚರ್ಮದಡಿ ರಕ್ತ ಹೆಚ್ಚಾದಾಗ ಹಿಂದಿರುಗುವ ಬೆಳಕು ಒಂದು ಚೂರು ಕಡಿಮೆಯಾಗುತ್ತದೆ. ಕೊರೊನಾ ಕಾಲದಲ್ಲಿ ಮನೆಮನೆಗೆ ಬಂದ ಆಕ್ಸಿಮೀಟರ್ ಕೂಡ ಕೆಂಪು ಮತ್ತು ಅವಕೆಂಪು ಬೆಳಕಿನಿಂದ ಇದೇ ಆಟ ಆಡುತ್ತದೆ. ಸುಮ್ಮನೆ ಮಲಗಿದವರಲ್ಲಿ ಇವು ಬಹುಮಟ್ಟಿಗೆ ಸರಿ ಹೇಳುತ್ತವೆ. ಓಡುವಾಗ ಮಾತ್ರ ಪಟ್ಟಿ ಸಡಿಲವಿದ್ದರೆ ಗಡಿಯಾರ ಹೆಜ್ಜೆಯ ಅದುರನ್ನೇ ನಾಡಿ ಎಂದು ತಿಳಿದು ಹೆಜ್ಜೆ ಎಣಿಸತೊಡಗುತ್ತದೆ. ರಾತ್ರಿಯ ಸಂಖ್ಯೆ ನಂಬಬಹುದು, ಓಟದ ಸಂಖ್ಯೆಯನ್ನು ಒಮ್ಮೆ ಕುತ್ತಿಗೆಯಲ್ಲಿ ಬೆರಳಿಟ್ಟು ಪರೀಕ್ಷಿಸಬೇಕು.

ಸಂಖ್ಯೆ ಸಿಕ್ಕಿತು. ಅದರಿಂದ ಏನು ತಿಳಿಯಿತು? 60ರಿಂದ 100 ಸಹಜ ಎನ್ನುತ್ತಾರೆ. ಇವು ಗುಂಡಾಗಿ ಹಿಡಿದ ಸಂಖ್ಯೆಗಳು. 98ರ ನಾಡಿ ಹೊತ್ತು ಸುಮ್ಮನೆ ಕೂತಿರುವವರನ್ನು ಕಂಡರೆ ಅನುಭವಿ ವೈದ್ಯರು ರಕ್ತಹೀನತೆ, ಥೈರಾಯ್ಡ್, ಜ್ವರಗಳ ಬಗ್ಗೆ ವಿಚಾರಿಸದೆ ಬಿಡುವುದಿಲ್ಲ. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ನಾಡಿ ಹತ್ತರಷ್ಟು ಏರುವುದು ವಾಡಿಕೆ. ಜ್ವರ ಏರಿಯೂ ನಾಡಿ ಹಿಂದುಳಿದರೆ ಟೈಫಾಯ್ಡ್ ಇರಬಹುದೇ ಎಂದು ಹಿಂದಿನ ವೈದ್ಯರು ಮೂಸುತ್ತಿದ್ದರು. ಇನ್ನು ಬಹುವರ್ಷಗಳ ಲೆಕ್ಕ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 1948ರಿಂದ ನಡೆದಿರುವ ಅಧ್ಯಯನವೂ ಸೇರಿ ಹಲವು ದೊಡ್ಡ ಅಧ್ಯಯನಗಳಲ್ಲಿ, ವಿಶ್ರಾಂತಿಯ ನಾಡಿ ವೇಗವಾಗಿರುವ ಗುಂಪಿನಲ್ಲಿ ಸಾವು ಹೆಚ್ಚು ಎಂದು ಕಂಡಿದೆ. ಹಾಗಾದರೆ ನಾಡಿಯನ್ನು ಇಳಿಸಿಬಿಟ್ಟರೆ ಆಯುಸ್ಸು ಹೆಚ್ಚಬೇಕಲ್ಲ?

ಇದನ್ನು ಪರೀಕ್ಷಿಸಲು ಹೇಳಿಮಾಡಿಸಿದಂಥ ಒಂದು ಔಷಧವಿದೆ, ಇವಾಬ್ರಡೀನ್. ಆಗ ಹೇಳಿದ ನಾಲೆಗಳನ್ನೇ ಅದು ಮುಚ್ಚುತ್ತದೆ. ರಕ್ತದ ಒತ್ತಡವನ್ನು ಅಷ್ಟಾಗಿ ಮುಟ್ಟದೆ, ಹಿಂಡುವ ಬಲವನ್ನು ಕುಗ್ಗಿಸದೆ ಬಡಿತವನ್ನು ಮಾತ್ರ ನಿಧಾನಿಸುತ್ತದೆ. ಹೃದಯದ ರಕ್ತನಾಳಗಳ ಕಾಯಿಲೆಯಿದ್ದು, ಹೃದಯ ಸೋತಿರದ, ನಾಡಿ 70ಕ್ಕಿಂತ ಕಡಿಮೆಯಿಲ್ಲದ 19 ಸಾವಿರಕ್ಕೂ ಹೆಚ್ಚು ಜನರಲ್ಲಿ ಇದನ್ನು ಪ್ರಯೋಗಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ನಾಡಿ ಹತ್ತರಷ್ಟು ಇಳಿಯಿತು. ಹೃದ್ರೋಗದಿಂದಾಗುವ ಸಾವು, ಹೃದಯಾಘಾತ ಮಾತ್ರ ಇಳಿಯಲಿಲ್ಲ. ಅದೇ ಔಷಧ ಹೃದಯ ಸೋತವರಲ್ಲಿ ಪ್ರಯೋಜನ ಕೊಟ್ಟಿತ್ತು, ನಾಲ್ಕು ವರ್ಷ ಮುಂಚೆ. ಎಂದ ಮೇಲೆ ವೇಗದ ನಾಡಿ ಎಲ್ಲರಲ್ಲೂ ಕೆಡುಕಿನ ಮೂಲವಲ್ಲ. ಎಷ್ಟೋ ಸಲ ಅದು ಒಳಗೆ ನಡೆದಿರುವ ಇನ್ಯಾವುದೋ ತೊಂದರೆಯ ವರದಿ. ಗಡಿಯಾರದ ಪರದೆಯ ಮೇಲೆ 74 ಇದ್ದದ್ದು 71ಕ್ಕೆ ಇಳಿಯಿತೆಂದು ಹಿಗ್ಗುವವರಿಗೆ ಈ ಪ್ರಯೋಗವನ್ನು ನೆನಪಿಸಬೇಕೆನಿಸುತ್ತದೆ.

ಹಾಗಿದ್ದರೆ ಹೃದಯ ಸೋತವರಲ್ಲಿ ನಿಧಾನದಿಂದ ಲಾಭವಾದದ್ದೇಕೆ? ಇಲ್ಲಿ ಬಡಿತಗಳನ್ನು ಬಿಟ್ಟು ಅವುಗಳ ನಡುವಿನ ಬಿಡುವನ್ನು ನೋಡಬೇಕು.

ನಾಡಿ ನಿಮಿಷಕ್ಕೆ 75 ಇದ್ದಾಗ ಒಂದು ಬಡಿತದ ಸುತ್ತಿಗೆ 0.8 ಸೆಕೆಂಡು. ಅದರಲ್ಲಿ ಹೃದಯದ ಕೆಳಗಿನ ಕೋಣೆಯಾದ ಹೃತ್ಕುಕ್ಷಿ ಹಿಂಡುವ ಹೊತ್ತು 0.27, ಸಡಿಲಾಗಿ ತುಂಬಿಕೊಳ್ಳುವ ಹೊತ್ತು 0.53. ನಾಡಿ 200ಕ್ಕೆ ಏರಿದಾಗ ಇಡೀ ಸುತ್ತಿಗೆ ಇರುವುದೇ 0.3 ಸೆಕೆಂಡು. ಹಿಂಡುವುದಕ್ಕೆ 0.16 ಹೋಗುತ್ತದೆ, ತುಂಬಿಕೊಳ್ಳಲು ಉಳಿಯುವುದು 0.14. ಹಿಂಡುವ ಹೊತ್ತು ಅಷ್ಟಾಗಿ ಕುಗ್ಗುವುದಿಲ್ಲ, ಬಿಡುವು ಕಾಲು ಭಾಗಕ್ಕೆ ಇಳಿಯುತ್ತದೆ. ನಿಮಿಷದ ಲೆಕ್ಕದಲ್ಲಿ ಹೇಳುವುದಾದರೆ ಮೊದಲಿನ ಹೃದಯಕ್ಕೆ 40 ಸೆಕೆಂಡು ಬಿಡುವು, ಎರಡನೆಯದಕ್ಕೆ 28. ಎಡ ಹೃತ್ಕುಕ್ಷಿಯ ಸ್ನಾಯು ತನ್ನ ಸ್ವಂತ ಆಹಾರಕ್ಕೆ ಬೇಕಾದ ರಕ್ತವನ್ನು ಪಡೆಯುವುದು ಬಹುಪಾಲು ಈ ಬಿಡುವಿನಲ್ಲೇ. ಹಿಂಡುವಾಗ ಅದು ತನ್ನೊಳಗಿನ ರಕ್ತನಾಳಗಳನ್ನೂ ಹಿಂಡಿಕೊಂಡುಬಿಡುತ್ತದೆ. ಹೀಗಾಗಿ ವಿಶ್ರಾಂತಿಯ ನಾಡಿ ಎಷ್ಟು ಎಂದು ಕೇಳುವುದು, ಹೃದಯಕ್ಕೆ ಉಣ್ಣಲು ಎಷ್ಟು ಹೊತ್ತು ಸಿಗುತ್ತಿದೆ ಎಂದು ಕೇಳಿದ ಹಾಗೆಯೇ. ಹೃದಯದ ಸದ್ದನ್ನು ಅರ್ಥ ಮಾಡಿಕೊಳ್ಳುವುದಕ್ಕೂ ಈ ಬಿಡುವೇ ಕೀಲಿ.

1816ರಲ್ಲಿ ಪ್ಯಾರಿಸ್ಸಿನ ನೆಕರ್ ಆಸ್ಪತ್ರೆಯ ರೆನೆ ಲೆನೆಕ್ ಬಳಿಗೆ ಹೃದಯದ ಕಾಯಿಲೆಯ ಲಕ್ಷಣಗಳಿದ್ದ ಒಬ್ಬ ಯುವತಿ ಬಂದಳು. ಆಗ ಎದೆಯ ಸದ್ದು ಕೇಳಬೇಕೆಂದರೆ ಕಿವಿಯನ್ನೇ ಎದೆಗೆ ಒತ್ತಬೇಕಿತ್ತು. ಅವಳ ವಯಸ್ಸು ನೋಡಿ ಲೆನೆಕ್ ಹಿಂಜರಿದ. ಮೈ ತುಂಬಿಕೊಂಡಿದ್ದರಿಂದ ಬಡಿದು ನೋಡಿದರೂ ಏನೂ ತಿಳಿಯುವಂತಿರಲಿಲ್ಲ. ಮರದ ತೊಲೆಯ ಒಂದು ತುದಿಯನ್ನು ಗುಂಡುಸೂಜಿಯಿಂದ ಗೀಚಿದರೆ ಇನ್ನೊಂದು ತುದಿಗೆ ಕಿವಿಯಿಟ್ಟವರಿಗೆ ಸ್ಪಷ್ಟವಾಗಿ ಕೇಳುತ್ತದೆ ಎನ್ನುವುದು ಅವನಿಗೆ ನೆನಪಾಯಿತು. ಒಂದು ಕಟ್ಟು ಕಾಗದವನ್ನು ಬಿಗಿಯಾಗಿ ಸುತ್ತಿ ಒಂದು ತುದಿಯನ್ನು ಅವಳ ಎದೆಗೂ ಇನ್ನೊಂದನ್ನು ತನ್ನ ಕಿವಿಗೂ ಇಟ್ಟ. ಬರೀ ಕಿವಿಯಿಟ್ಟು ಕೇಳಿದ್ದಕ್ಕಿಂತ ಚೆನ್ನಾಗಿ ಕೇಳಿತು. ಆಮೇಲೆ ಮರದ ಕೊಳವೆಗಳನ್ನು ಸ್ವತಃ ಕಡೆದುಕೊಂಡ. ಮೂರು ವರ್ಷ ಕೇಳಿ, ಸತ್ತವರ ದೇಹ ಕೊಯ್ದು ಹೋಲಿಸಿ, 1819ರಲ್ಲಿ ಗ್ರಂಥ ಪ್ರಕಟಿಸಿದ. ಶ್ವಾಸಕೋಶದ ವಿಷಯದಲ್ಲಿ ಅವನು ಬರೆದದ್ದು ಬಹುಪಾಲು ಇಂದಿಗೂ ನಿಂತಿದೆ. ಹೃದಯದ ವಿಷಯದಲ್ಲಿ ಎಡವಿದ: ಮೊದಲ ಸದ್ದು ಹೃತ್ಕುಕ್ಷಿ ಹಿಂಡುವುದು, ಎರಡನೆಯದು ಹೃತ್ಕರ್ಣ ಹಿಂಡುವುದು ಎಂದುಕೊಂಡ. 1826ರಲ್ಲಿ, 45ನೇ ವಯಸ್ಸಿನಲ್ಲಿ, ಕ್ಷಯದಿಂದ ತೀರಿಕೊಂಡ. ಆ ಕ್ಷಯವನ್ನು ಅವನ ಎದೆಯಲ್ಲಿ ಕೇಳಿದವನು ಅವನದೇ ಕೊಳವೆ ಹಿಡಿದ ಅವನ ಹತ್ತಿರದ ಬಂಧು.

ಸದ್ದು ಕವಾಟಗಳದ್ದು ಎಂದು ಹೇಳಿದವನು ರುವಾನೆ ಎಂಬ ವೈದ್ಯ, 1832ರ ತನ್ನ ಪ್ರಬಂಧದಲ್ಲಿ. ಹೃತ್ಕರ್ಣ ಮತ್ತು ಹೃತ್ಕುಕ್ಷಿಗಳ ನಡುವಿನ ಕವಾಟಗಳು ಮುಚ್ಚಿದಾಗ ಮೊದಲ ಸದ್ದು. ಮಹಾಪಧಮನಿ ಮತ್ತು ಶ್ವಾಸಕೋಶದ ಅಪಧಮನಿಯ ಬಾಯಲ್ಲಿರುವ ಕವಾಟಗಳು ಮುಚ್ಚಿದಾಗ ಎರಡನೆಯದು. ಶಾಲೆಯಲ್ಲಿ ಕಲಿಸುವ ಲಬ್–ಡಬ್ ಇದೇ. ಆದರೆ ಕಾಗದದಷ್ಟು ತೆಳುವಾದ ಕವಾಟದ ಎಸಳುಗಳು ಒಂದಕ್ಕೊಂದು ತಾಗಿದರೆ ಅಷ್ಟು ದೊಡ್ಡ ಸದ್ದು ಬರಲಾರದು. ಹರಿಯುತ್ತಿದ್ದ ರಕ್ತದ ಕಂಬ ಗಕ್ಕನೆ ನಿಂತಾಗ ಕವಾಟ, ಅದನ್ನು ಹಿಡಿದ ತಂತುಗಳು, ಹೃದಯದ ಗೋಡೆ, ರಕ್ತ ಎಲ್ಲವೂ ಒಟ್ಟಿಗೆ ಕಂಪಿಸುತ್ತವೆ. ನಮಗೆ ಕೇಳುವುದು ಆ ಕಂಪನ.

ಅದರ ಬಹುಭಾಗ ಇರುವುದು ಸೆಕೆಂಡಿಗೆ 20ರಿಂದ 200 ಕಂಪನಗಳ ನಡುವೆ. ನಮ್ಮ ಕಿವಿಗೆ ಕೇಳಿಸತೊಡಗುವುದೇ 20ರಿಂದ, ಅದೂ ಬಹಳ ಮಂದವಾಗಿ. ಅಂದರೆ ಹೃದಯ ಮಾತಾಡುವುದು ಮನುಷ್ಯನ ಕಿವಿ ತೀರಾ ದಡ್ಡವಾಗಿರುವ ಪಟ್ಟಿಯಲ್ಲೇ. ಸ್ಟೆತಾಸ್ಕೋಪಿನ ತುದಿಗೆ ಎರಡು ಮುಖ ಇರುವುದು ಇದಕ್ಕಾಗಿ. ಗಂಟೆಯಾಕಾರದ ಸಣ್ಣ ಮುಖವನ್ನು ಚರ್ಮಕ್ಕೆ ಹಗುರವಾಗಿ ತಾಗಿಸಿದರೆ ಮಂದ್ರದ ಸದ್ದುಗಳು ಕೇಳುತ್ತವೆ. ಬಿಗಿಯಾಗಿ ಒತ್ತಿದರೆ ಚರ್ಮವೇ ಪರದೆಯಾಗಿ ಮಂದ್ರವೆಲ್ಲ ಹೋಗುತ್ತದೆ. ಪರದೆಯಿರುವ ಚಪ್ಪಟೆ ಮುಖವನ್ನು ಒತ್ತಿ ಹಿಡಿದರೆ ತಾರದ ಸದ್ದುಗಳು. ಅಂಗಿಯ ಮೇಲಿಂದ ಇಟ್ಟರೆ ಮುಖ್ಯವಾಗಿ ಕೇಳುವುದು ಅಂಗಿ.

ಎರಡು ಸದ್ದುಗಳಲ್ಲಿ ಮೊದಲನೆಯದು ಯಾವುದು? ಬಿಡುವು ನೋಡಿ. ಮೊದಲ ಸದ್ದಿನಿಂದ ಎರಡನೆಯದಕ್ಕೆ ಗಿಡ್ಡ ಬಿಡುವು, ಆಗ ಹೃದಯ ಹಿಂಡುತ್ತಿದೆ. ಎರಡನೆಯದರಿಂದ ಮುಂದಿನ ಮೊದಲನೆಯದಕ್ಕೆ ಉದ್ದ ಬಿಡುವು, ಆಗ ತುಂಬಿಕೊಳ್ಳುತ್ತಿದೆ. ನಾಡಿ 120 ದಾಟಿದರೆ ಎರಡು ಬಿಡುವುಗಳೂ ಒಂದೇ ಅಳತೆಗೆ ಬಂದು ಕಿವಿ ಮೋಸಹೋಗುತ್ತದೆ. ಆಗ ಕುತ್ತಿಗೆಯ ನಾಡಿಯ ಮೇಲೆ ಬೆರಳಿಡಬೇಕು. ಬೆರಳಿಗೆ ಮಿಡಿತ ತಾಗುವುದಕ್ಕೆ ತುಸು ಮುಂಚೆ ಕೇಳಿದ್ದು ಮೊದಲ ಸದ್ದು. ಕಲಿಯುವವರು ಈ ಒಂದು ಹೆಜ್ಜೆಯನ್ನು ಹಾರಿಸಿ ಮುಂದಕ್ಕೆ ಹೋಗುವುದರಿಂದಲೇ ಅರ್ಧ ತಪ್ಪುಗಳು ಆಗುತ್ತವೆ ಎನ್ನುವುದು ನನ್ನ ಅನಿಸಿಕೆ. ಯಾಕೆಂದರೆ ಬಿಡುವಿನಲ್ಲಿ ಕೇಳುವ ಮರ್ಮರದ ಅರ್ಥ, ಅದು ಯಾವ ಬಿಡುವಿನಲ್ಲಿದೆ ಎನ್ನುವುದನ್ನು ಅವಲಂಬಿಸಿದೆ. ರಕ್ತ ಸುಮ್ಮನೆ ಹರಿಯುವಾಗ ಸದ್ದಿಲ್ಲ. ಇಕ್ಕಟ್ಟಾದ ಜಾಗದಲ್ಲಿ ವೇಗವಾಗಿ ನುಗ್ಗಿ ಸುಳಿಯೆದ್ದಾಗ ಮರ್ಮರ ಹುಟ್ಟುತ್ತದೆ. ಗಿಡ್ಡ ಬಿಡುವಿನಲ್ಲಿ ಕೇಳುವ ಮೆಲು ಮರ್ಮರ ಆರೋಗ್ಯವಂತ ಮಕ್ಕಳಲ್ಲಿ, ಬಸುರಿಯರಲ್ಲಿ, ರಕ್ತ ಕಡಿಮೆಯಿದ್ದವರಲ್ಲಿ ಸಾಮಾನ್ಯ. ಕವಾಟ ಸರಿಯಾಗಿಯೇ ಇರಬಹುದು. ಉದ್ದ ಬಿಡುವಿನಲ್ಲಿ ಕೇಳುವ ಮರ್ಮರ ಎಷ್ಟೇ ಮೆಲ್ಲಗಿರಲಿ, ಅದನ್ನು ಸುಮ್ಮನೆ ಬಿಡುವಂತಿಲ್ಲ.

ಮರ್ಮರದ ಜೋರನ್ನು ಒಂದರಿಂದ ಆರರವರೆಗೆ ಅಳೆಯುವ ಕ್ರಮವನ್ನು 1933ರಲ್ಲಿ ಬಾಸ್ಟನ್ನಿನ ಸ್ಯಾಮ್ಯುಯೆಲ್ ಲಿವೈನ್ ಮತ್ತು ಅವನ ಜತೆಗಾರ ತಂದರು. ಒಂದು ಎಂದರೆ ಸ್ವಲ್ಪ ಹೊತ್ತು ಗಮನವಿಟ್ಟು ಕೇಳಿದರಷ್ಟೇ ಕೇಳುವುದು. ಆರು ಎಂದರೆ ಸ್ಟೆತಾಸ್ಕೋಪನ್ನು ಎದೆಯಿಂದ ಎತ್ತಿ ಹಿಡಿದರೂ ಕೇಳುವುದು. ನಾಲ್ಕು ಮತ್ತು ಅದಕ್ಕಿಂತ ಮೇಲಿನದು ಅಂಗೈಗೂ ತಾಗುತ್ತದೆ. ಮಕ್ಕಳ ಹೃದ್ರೋಗ ಶಾಸ್ತ್ರವನ್ನೇ ಕಟ್ಟಿದ ಬಾಲ್ಟಿಮೋರಿನ ಹೆಲೆನ್ ಟೌಸಿಗ್‌ಗೆ ಕಿವಿ ಕೇಳುತ್ತಿರಲಿಲ್ಲ. ಆಕೆ ಮಗುವಿನ ಎದೆಯ ಮೇಲೆ ಕೈಯಿಟ್ಟು ಕವಾಟಗಳ ಕಂಪನವನ್ನು ಓದುತ್ತಿದ್ದರು. ನೀಲಿಗಟ್ಟಿದ ಮಕ್ಕಳ ಶ್ವಾಸಕೋಶಕ್ಕೆ ಹೆಚ್ಚು ರಕ್ತ ಹರಿಸುವ, 1944ರಲ್ಲಿ ಮೊದಲು ನಡೆದ ಶಸ್ತ್ರಚಿಕಿತ್ಸೆಯ ಆಲೋಚನೆ ಆಕೆಯದು.

ಕಿವಿ ನೆಟ್ಟಗಿದ್ದವರ ಪಾಡು ಏನು? 1997ರಲ್ಲಿ ಅಮೆರಿಕದ ಒಂದು ಅಧ್ಯಯನದಲ್ಲಿ ತರಬೇತಿಯಲ್ಲಿದ್ದ 453 ವೈದ್ಯರಿಗೆ ಧ್ವನಿಮುದ್ರಿಸಿದ ಹೃದಯದ ಸದ್ದುಗಳನ್ನು ಕೇಳಿಸಿದರು. ಅವರು ಸರಿಯಾಗಿ ಗುರುತಿಸಿದ್ದು ನೂರರಲ್ಲಿ ಸುಮಾರು 20. ವೈದ್ಯ ವಿದ್ಯಾರ್ಥಿಗಳಿಗಿಂತ ಅವರೇನೂ ಹೆಚ್ಚು ಮೇಲಿರಲಿಲ್ಲ. ಕಲಿಕೆಯ ದೋಷ ಇದು ಎನ್ನಬಹುದು, ಆದರೆ ಪಳಗಿದ ಕಿವಿಗೂ ಮಿತಿಯಿದೆ. 2007ರಲ್ಲಿ ಕಾಂಬೋಡಿಯ ಮತ್ತು ಮೊಜಾಂಬಿಕ್‌ನ ಶಾಲಾ ಮಕ್ಕಳಲ್ಲಿ ಸಂಧಿವಾತ ಜ್ವರದಿಂದ ಕೆಟ್ಟ ಕವಾಟಗಳನ್ನು ಹುಡುಕಿದಾಗ, ಸ್ಟೆತಾಸ್ಕೋಪ್ ಹಿಡಿದು ಕಂಡದ್ದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು ಮಕ್ಕಳು ಎಕೋ ಯಂತ್ರದಲ್ಲಿ ಸಿಕ್ಕರು. ಕಿವಿಯ ಪರ ವಾದಿಸುವ ಹಳಬರು ಈ ಅಂಕಿಯನ್ನು ಒಪ್ಪಿಕೊಂಡೇ ವಾದಿಸಬೇಕು.

ಸಂಧಿವಾತ ಜ್ವರದ ಈ ಕಾಯಿಲೆ ನಮ್ಮದೂ ಹೌದು. ಬಾಲ್ಯದಲ್ಲಿ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬರುತ್ತದೆ. ಅದರ ವಿರುದ್ಧ ಎದ್ದ ದೇಹದ ಪಡೆ ತಪ್ಪಿ ಹೃದಯದ ಕವಾಟಗಳ ಮೇಲೂ ಬೀಳುತ್ತದೆ. ಎಡಭಾಗದ ಮೈಟ್ರಲ್ ಕವಾಟದ ಎಸಳುಗಳು ವರ್ಷಗಳಲ್ಲಿ ದಪ್ಪವಾಗಿ, ಅಂಚುಗಳು ಅಂಟಿಕೊಂಡು, 4ರಿಂದ 6 ಚದರ ಸೆಂಟಿಮೀಟರ್ ತೆರೆಯಬೇಕಾದ ಬಾಯಿ ಒಂದೂವರೆಗಿಂತ ಕಿರಿದಾಗುತ್ತದೆ. ಶ್ರೀಮಂತ ದೇಶಗಳಲ್ಲಿ ಇದಕ್ಕೆ ದಶಕಗಳು ಬೇಕಾದರೆ ಭಾರತದಲ್ಲಿ ಹದಿಹರೆಯದಲ್ಲೇ ಕವಾಟ ಬಿಗಿದುಹೋಗುವುದುಂಟು ಎಂದು ದೆಹಲಿಯ ವೈದ್ಯರು 1963ರಲ್ಲೇ ವರದಿ ಮಾಡಿದ್ದರು. ಆ ತಂಡದಲ್ಲಿ ರೋಗವಿಜ್ಞಾನಿ ವಿ. ರಾಮಲಿಂಗಸ್ವಾಮಿ ಕೂಡ ಇದ್ದರು.

ಇಂಥ ಹೃದಯದಲ್ಲಿ ಮೊದಲ ಸದ್ದು ಜೋರಾಗಿ, ಟಪ್ ಎಂದು ಕೇಳುತ್ತದೆ. ಎರಡನೆಯ ಸದ್ದಾದ ಸ್ವಲ್ಪ ಹೊತ್ತಿಗೆ ಗಟ್ಟಿಯಾದ ಕವಾಟ ಚಟಕ್ಕನೆ ತೆರೆಯುವ ಇನ್ನೊಂದು ಸದ್ದು. ಅದರ ಬೆನ್ನಿಗೇ ಉದ್ದ ಬಿಡುವಿನಲ್ಲಿ ಗುಡುಗುಡು ಎನ್ನುವ ಮಂದ್ರದ ಮರ್ಮರ. ರೋಗಿಯನ್ನು ಎಡಮಗ್ಗುಲಿಗೆ ಹೊರಳಿಸಿ, ಹೃದಯದ ತುದಿ ಮಿಡಿಯುವ ನಾಣ್ಯದಗಲದ ಜಾಗದಲ್ಲಿ ಗಂಟೆಯ ಮುಖವನ್ನು ಹಗುರವಾಗಿ ಇಟ್ಟು, ಉಸಿರು ಬಿಟ್ಟು ಹಿಡಿಯಲು ಹೇಳಿದರೆ ಮಾತ್ರ ಅದು ಸಿಗುತ್ತದೆ. ಫ್ಯಾನು ಆರಿಸಿದರೆ ಒಳ್ಳೆಯದು. ಚಟಕ್ಕನೆಯ ಸದ್ದು ಎರಡನೆಯ ಸದ್ದಿಗೆ ಹತ್ತಿರ ಬಂದಷ್ಟೂ ಕವಾಟ ಹೆಚ್ಚು ಕಿರಿದಾಗಿದೆ ಎಂದರ್ಥ.

ಇಂಥ ಕವಾಟವಿರುವ ಹೆಣ್ಣುಮಗಳು ಬಸುರಿಯಾದಾಗ ಏನಾಗುತ್ತದೆ ಎನ್ನುವುದರಲ್ಲಿ ನಾಡಿಯೂ ಸದ್ದೂ ಒಂದಾಗಿ ಕೂಡುತ್ತವೆ. ಬಸಿರಿನಲ್ಲಿ ರಕ್ತದ ಪ್ರಮಾಣ ಒಂದೂವರೆ ಪಟ್ಟಿನ ಹತ್ತಿರಕ್ಕೆ ಏರುತ್ತದೆ, ನಾಡಿ ಹತ್ತರಿಂದ ಇಪ್ಪತ್ತರಷ್ಟು ಏರುತ್ತದೆ. ಕಿರಿದಾದ ಬಾಯಿಯ ಮೂಲಕ ಹೆಚ್ಚು ರಕ್ತ ಹೋಗಬೇಕು, ಹೋಗಲು ಇರುವ ಬಿಡುವು ಕುಗ್ಗಿದೆ. ದಾಟದೆ ಉಳಿದ ರಕ್ತ ಹಿಂದಕ್ಕೆ ಒತ್ತಿ ಶ್ವಾಸಕೋಶ ತೇವಗೊಳ್ಳುತ್ತದೆ. ಉಸಿರು ಕಟ್ಟುತ್ತದೆ, ಗಾಬರಿಗೆ ನಾಡಿ ಇನ್ನೂ ಏರುತ್ತದೆ, ಬಿಡುವು ಇನ್ನೂ ಕುಗ್ಗುತ್ತದೆ. ಅಲ್ಲಿಯ ತನಕ ಗದ್ದೆ ಕೆಲಸ ಮಾಡಿಕೊಂಡು ಏನೂ ತೊಂದರೆಯಿಲ್ಲವೆಂದುಕೊಂಡಿದ್ದವರಲ್ಲಿ ಕಾಯಿಲೆ ಮೊದಲು ಪತ್ತೆಯಾಗುವುದು ಎಷ್ಟೋ ಸಲ ಈ ಹಂತದಲ್ಲಿ. ಬಸುರಿಯರಿಗೆ ಏದುಸಿರು ಸಹಜ, ನಾಡಿ ಏರುವುದೂ ಸಹಜ. ಹಾಗೆಂದು ಬಿಟ್ಟರೆ ಇದು ತಪ್ಪಿಹೋಗುತ್ತದೆ. ನಾಡಿ ಎಣಿಸಿದ ಮೇಲೆ ಎಡಮಗ್ಗುಲಿಗೆ ಹೊರಳಿಸಿ ಒಂದು ನಿಮಿಷ ಕೇಳುವುದು ಇಲ್ಲಿ ಬೆಲೆಬಾಳುವ ಕೆಲಸ. ಅನುಮಾನ ಬಂದರೆ ಎಕೋ ಮಾಡಿಸಬೇಕು.

ಚಿಕಿತ್ಸೆಯ ಮೊದಲ ಹೆಜ್ಜೆ ವಿಶ್ರಾಂತಿ ಮತ್ತು ನಾಡಿಯನ್ನು ನಿಧಾನಿಸುವ ಬೀಟಾ ಬ್ಲಾಕರ್ ಮಾತ್ರೆ. ಅದು ಕವಾಟವನ್ನು ಒಂದು ಕೂದಲೆಳೆಯಷ್ಟೂ ಅಗಲ ಮಾಡುವುದಿಲ್ಲ, ಬಿಡುವನ್ನು ಉದ್ದ ಮಾಡುತ್ತದೆ ಅಷ್ಟೆ. ಎಷ್ಟೋ ಜನಕ್ಕೆ ಹೆರಿಗೆಯ ತನಕ ಅಷ್ಟೇ ಸಾಕಾಗುತ್ತದೆ. ಸಾಲದವರಿಗೆ ತೊಡೆಯ ಸಿರೆಯ ಮೂಲಕ ಬಲೂನು ಏರಿಸಿ, ಹೃತ್ಕರ್ಣಗಳ ನಡುಗೋಡೆ ದಾಟಿಸಿ, ಕವಾಟದ ಬಾಯಲ್ಲಿ ಹಿಗ್ಗಿಸುತ್ತಾರೆ. ಜಪಾನಿನ ಕಾಂಜಿ ಇನೋಯೆ 1980ರ ದಶಕದ ಆರಂಭದಲ್ಲಿ ರೂಪಿಸಿದ ಈ ವಿಧಾನ ಅತಿ ಹೆಚ್ಚು ನಡೆದಿರುವ ಆಸ್ಪತ್ರೆಗಳಲ್ಲಿ ಬೆಂಗಳೂರಿನ ಜಯದೇವ ಒಂದು. ಬಲೂನು ಹಿಗ್ಗಿ ಅಂಚುಗಳು ಬಿಟ್ಟುಕೊಂಡರೆ ಎಡ ಹೃತ್ಕರ್ಣದ ಒತ್ತಡ ಮೇಜಿನ ಮೇಲೇ ಇಳಿಯುತ್ತದೆ. ಆದರೆ ಕಾಯಿಲೆ ಅಲ್ಲಿಗೆ ಮುಗಿಯದು. ಗಂಟಲು ಸೋಂಕು ಮರುಕಳಿಸಿ ಕವಾಟ ಮತ್ತೆ ಕೆಡದಂತೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ವರ್ಷಗಟ್ಟಲೆ ನಡೆಯಬೇಕು. ಅದು ಚೆನ್ನಾಗಿಯೇ ನೋಯುತ್ತದೆ, ಹಾಗಾಗಿ ನಡುವೆ ಬಿಟ್ಟುಬಿಡುವವರು ಬಹಳ.